ಬಾಗಿಲಿಗೆ ಬೆನ್ನು, ಕಿಟಕಿಗೆ ಮುಖ

ಮಾವ ಔಷಧಿ ಬಾಟಲಿಯ ಬಾಯಿಯನ್ನು ಬಿಳಿ ಬಟ್ಟೆಯ ತುಂಡಿನಿಂದ ಒರೆಸುವುದನ್ನು ನಾನು ಅವರ ಮನೆಗೆ ಹೋದ ಮೊದಲ ಸಂಜೆಯೇ ಗಮನಿಸಿದ್ದೆ. ಆಗ ಅನುಮಾನವೇನೂ ಇರಲಿಲ್ಲ. ಕಥೆ ಬರೆಯುತ್ತೇನೆಂದು ಹೊರಟವರ ಕಣ್ಣು ಬೇಡದ ಕಡೆಗೆಲ್ಲ ಹೋಗುತ್ತದೆ, ಹಾಗೆ ಹೋಗಿತ್ತು. ಅನುಮಾನ ಬಂದದ್ದು ಆಮೇಲೆ. ಅದು ಎಲ್ಲಿಂದ ಬಂತು ಎಂದು ಗೊತ್ತಾಗುವ ಹೊತ್ತಿಗೆ ಅತ್ತೆ ಮೆಟ್ಟಿಲ ಮೇಲೆ ಕುಸಿದು ಕೂತಾಗಿತ್ತು.

ನನ್ನ ಡಿಗ್ರಿ ಮುಗಿದಿತ್ತು. ಬೇಸಿಗೆ ಕಳೆದ ಮೇಲೆ ಅಪ್ಪನ ಸ್ನೇಹಿತರ ಕಣ್ಣಾಸ್ಪತ್ರೆಯಲ್ಲಿ ಕೆಲಸ ಕಾದಿತ್ತು. ಬಾಗಿಲ ಬಳಿಯ ಮೇಜಿನಲ್ಲಿ ಕೂತು, ಬಂದವರನ್ನು ಮಾತಾಡಿಸಿ, ಸಮಾಧಾನ ಹೇಳಿ, ಸರದಿಯಲ್ಲಿ ಕೂರಿಸುವ ಕೆಲಸ. ಮನೆಗೆ ನೆಂಟರು ಬಂದರೆ ಬಚ್ಚಲಮನೆಯ ಚಿಲಕ ಹಾಕಿಕೊಂಡು ಕೂರುವ ನನಗೆ! ಅಪ್ಪ ಮಾತ್ರ, "ನೀರಿಗೆ ತಳ್ಳಿದರೆ ಈಜು ತಾನೇ ಬರುತ್ತೆ" ಎಂದುಬಿಟ್ಟಿದ್ದರು. ಮುಳುಗುವ ಮೊದಲು ಒಂದು ಬೇಸಿಗೆ ಕೇಳಿ ಪಡೆದೆ. ಒಂದು ಕಥೆಯನ್ನಾದರೂ ಕೊನೆ ಮುಟ್ಟಿಸಬೇಕು, ಮತ್ತು ಕಾಲೇಜಿನಲ್ಲಿ ಯಾರಾದರೂ "ಇದು ಓದಿದ್ದೀಯಾ?" ಎಂದಾಗಲೆಲ್ಲ ಓದದೆಯೇ ತಲೆಯಾಡಿಸಿದ್ದೆನಲ್ಲ, ಆ ಪುಸ್ತಕಗಳನ್ನೆಲ್ಲ ಓದಿ ಆ ಸುಳ್ಳುಗಳನ್ನು ನಿಜ ಮಾಡಬೇಕು.

ಅಪ್ಪನ ತಂಗಿ, ನನ್ನ ಅತ್ತೆ, ಫೋನಿನಲ್ಲಿ ಹೇಳಿದರು. "ಅವಳನ್ನ ನನ್ನ ಹತ್ರ ಕಳಿಸು ಅಣ್ಣ. ನಾವಿಬ್ರೂ ಹಗಲೆಲ್ಲ ದುಡಿಯೋಕೆ ಹೋಗಿರ್ತೀವಿ. ಗೋಡೆ ನೋಡ್ಕೊಂಡು ಎಷ್ಟು ಬೇಕೋ ಅಷ್ಟು ಬರೀಲಿ. ಗೋಡೆ ಅಂತೂ ಮಾತಾಡ್ಸಲ್ಲ."

ಅತ್ತೆ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ವಿಭಾಗದ ಮೇಲ್ವಿಚಾರಕಿ. ಮನೆಯಲ್ಲಿ ಬ್ರೆಡ್ ಕೊಯ್ದರೂ ಅಂಚು ಗೆರೆ ಎಳೆದ ಹಾಗೆ ಇರುತ್ತಿತ್ತು. ಮಾವನದು ಬೀದಿಯ ಮೂಲೆಯಲ್ಲಿ ಔಷಧಿ ಅಂಗಡಿ. ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೆ ಬಂದು, ಊಟ ಮಾಡಿ, ಮುಖದ ಮೇಲೆ ಪತ್ರಿಕೆ ಹರಡಿಕೊಂಡು ನಡುಮನೆಯ ಸೋಫಾದಲ್ಲಿ ಮಲಗುತ್ತಿದ್ದರು. ಬಿಸಿಲಿಳಿದ ಮೇಲೆ ಮತ್ತೆ ಅಂಗಡಿ. ಅತ್ತೆ ಬರುವ ಹೊತ್ತಿಗೆ ಮಾತ್ರ ಯಾರನ್ನಾದರೂ ಅಂಗಡಿಯಲ್ಲಿ ಕೂರಿಸಿ ಮೂರು ಮಹಡಿ ಹತ್ತಿ ಬರುತ್ತಿದ್ದರು. ಅತ್ತೆಗೆ ಎದೆಬಡಿತದ ತೊಂದರೆ ಇತ್ತು. ದಿನಾ ಸಂಜೆ ನೀರಿನಲ್ಲಿ ಹನಿ ಹನಿಯಾಗಿ ಹಾಕಿ ಕುಡಿಯುವ ಔಷಧಿ ತಪ್ಪುವ ಹಾಗಿರಲಿಲ್ಲ.

ಅದೊಂದು ಪೂಜೆಯಷ್ಟೇ ಶಿಸ್ತಿನ ಕೆಲಸ. ಅತ್ತೆ ಕಾಲು ಚಾಚಿ ಕೂರುವರು. ಮಾವ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಬಾಯಿ ಒರೆಸಿ, ತುಟಿಯೊಳಗೇ ಎಣಿಸುತ್ತ ಲೋಟಕ್ಕೆ ಹನಿ ಬಿಡುವರು. ಮೊದಲ ಹನಿ ಬೀಳುವ ಮುಂಚೆಯೇ ಅತ್ತೆ ಕಣ್ಣು ಮುಚ್ಚಿ ಕೈ ಚಾಚಿರುತ್ತಿದ್ದರು. ಹಾಗೇ ಕಣ್ಣು ಮುಚ್ಚಿಯೇ ಕುಡಿದು ಮುಖ ಹಿಂಡುವರು.

"ಇದಕ್ಕಿಂತ ವಿಷ ರುಚಿಯಾಗಿರುತ್ತೆ ಕಣ್ರೀ."

"ತಂದುಕೊಡ್ಲಾ? ಅಂಗಡೀಲಿದೆ. ಹೆಂಡ್ತೀರಿಗೆ ರಿಯಾಯಿತಿ."

"ಕೇಳಿಸ್ಕೊಂಡ್ಯಾ ಮರಿ? ನಾಳೆ ನಾನು ಸತ್ರೆ ನೀನೇ ಸಾಕ್ಷಿ!"

ನಾನು ನಕ್ಕೆ. ಆ ರಾತ್ರಿಯೇ ನನ್ನ ಕಥೆ ಹುಟ್ಟಿತು. ಒಬ್ಬ ಗಂಡ, ಅವನ ಗೆಳತಿ, ದಿನಾ ಸಂಜೆ ಕಣ್ಣು ಮುಚ್ಚಿ ಔಷಧಿ ಕುಡಿಯುವ ಅವನ ಹೆಂಡತಿ. ಹನಿಗಳನ್ನು ಮನೆಯಿಂದಲೇ ತೆಗೆದುಕೊಂಡೆ. ಪಾಪವನ್ನು ಮಾತ್ರ ನಾನು ಸೇರಿಸಿದೆ.

ನನಗೆ ಕೊಟ್ಟಿದ್ದು ಸಾಮಾನಿನ ಕೋಣೆ. ಹಳೆ ಸೂಟ್‌ಕೇಸುಗಳು, ಸುತ್ತಿಟ್ಟ ಹಾಸಿಗೆ, ಅತ್ತೆಯ ಹಳೇ ಹೊಲಿಗೆ ಯಂತ್ರ. ಯಂತ್ರದ ಮುಚ್ಚಳವೇ ನನ್ನ ಮೇಜು. ಅದರ ಎದುರಿಗೆ ಒಂದು ಚಿಕ್ಕ ಕಿಟಕಿ. ಕಿಟಕಿಯಾಚೆ ಡಕ್ಟ್, ಕಟ್ಟಡದ ನಡುವೆ ಮೇಲಿನಿಂದ ಕೆಳಗಿನವರೆಗೆ ಬಾವಿಯ ಹಾಗೆ ಬಿಟ್ಟ ಇಕ್ಕಟ್ಟು ಜಾಗ. ಎಲ್ಲ ಮನೆಗಳ ಅಡುಗೆಮನೆ, ಬಚ್ಚಲಮನೆಯ ಕಿಟಕಿಗಳೂ ಅದಕ್ಕೇ ತೆರೆದುಕೊಂಡಿದ್ದವು. ಪೈಪುಗಳು, ಪಾರಿವಾಳಗಳು, ಯಾರೋ ಬೀಳಿಸಿಕೊಂಡು ಮರೆತ ಒಂದು ಕಾಲ್ಚೀಲ. ಕೆಳಗಿನವರ ಪಾತ್ರೆಗಳ ಸದ್ದು, ನಲ್ಲಿಯ ಸದ್ದು, ಒಗ್ಗರಣೆಯ ಘಾಟು ಮೇಲೆ ಬರುತ್ತಿದ್ದವು. ಯಾರ ಮನೆಯ ಹಾಲು ಉಕ್ಕಿತು ಎಂದು ಕೂತಲ್ಲೇ ಹೇಳಬಹುದಿತ್ತು. ಮೇಲೆ ಬರುವ ದಾರಿಯೇ ಕೆಳಗಿಳಿಯುವ ದಾರಿಯೂ ಹೌದು ಎಂದು ಮಾತ್ರ ನನಗೆ ಹೊಳೆಯಲಿಲ್ಲ.

ನನಗೊಂದು ಅಭ್ಯಾಸವಿದೆ. ಕಾಲೇಜಿನಲ್ಲಿ ಭಾಷೆ ಪಾಠ ಮಾಡುತ್ತಿದ್ದ ಮೇಡಂ ನನ್ನ ಕಥೆಯೊಂದನ್ನು ಓದಿ, "ನಿನ್ನ ಪಾತ್ರಗಳು ಮಾತಾಡಲ್ಲಮ್ಮ, ಭಾಷಣ ಓದ್ತಾವೆ. ಬರೆದದ್ದನ್ನ ಬಾಯಲ್ಲಿ ಆಡಿ ನೋಡು. ಬಾಯಿ ಒಪ್ಪದಿದ್ರೆ ಹೊಡೆದುಹಾಕು" ಎಂದಿದ್ದರು. ಅಂದಿನಿಂದ ಒಂದೊಂದು ಮಾತನ್ನೂ ಆಡಿ ನೋಡಿಯೇ ಬರೆಯುತ್ತೇನೆ. ಹೆಂಗಸಿನ ಮಾತು ನನ್ನ ದನಿಯಲ್ಲಿ, ಗಂಡಸಿನದು ಗಲ್ಲವನ್ನು ಎದೆಗೆ ಒತ್ತಿಕೊಂಡು ಗಂಟಲಿನ ತಳದಿಂದ. ಊಟದ ಹೊತ್ತಿಗೆ ಉಪ್ಪು ಬೇಕೆಂದರೂ ಕೇಳಲು ನಾಚುವವಳು ಒಬ್ಬಳೇ ಇದ್ದಾಗ ಎರಡು ಗಂಟಲಿನಿಂದ ಜಗಳವಾಡುತ್ತಿದ್ದೆ. ಇದು ಯಾರಿಗಾದರೂ ಗೊತ್ತಾದರೆ ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಎನ್ನುವ ಹೆದರಿಕೆ ಬೇರೆ. ನಡುಮನೆಯಲ್ಲಿ ಮಲಗಿದ ಮಾವನಿಗೆ ಕೇಳಿಸಬಾರದೆಂದು ಬಾಗಿಲು ಹಾಕಿ, ಬಾಗಿಲಿಗೆ ಬೆನ್ನು ಮಾಡಿ, ಕಿಟಕಿಗೆ ಮುಖ ಕೊಟ್ಟು ಮಾತಾಡುತ್ತಿದ್ದೆ.

"ಅವಸರ ಬೇಡ," ಎನ್ನುತ್ತಿದ್ದ ನನ್ನ ಗಂಡಸು. "ಒಂದೇ ಸಲ ಹೆಚ್ಚು ಹಾಕಿದ್ರೆ ನಾಲಿಗೆಗೆ ಗೊತ್ತಾಗುತ್ತೆ. ಒಂದೊಂದೇ ಹನಿ ಏರಿಸಿದ್ರೆ ನಾಲಿಗೆ ಒಗ್ಗಿಹೋಗುತ್ತೆ."

"ಆಮೇಲೆ?" ಎನ್ನುತ್ತಿದ್ದಳು ಗೆಳತಿ.

"ಆಮೇಲೆ ಅವಳೇ ಕೇಳಿ ಕುಡೀತಾಳೆ."

ಈ ಕೊನೆಯ ಮಾತು ಬಾಯಿಗೆ ಒಗ್ಗಲಿಲ್ಲ. 'ಬೇಡಿ ಕುಡೀತಾಳೆ' ಎಂದು ನೋಡಿದೆ. 'ಕೈಚಾಚಿ ಕುಡೀತಾಳೆ' ಎಂದು ನೋಡಿದೆ. ಎರಡು ಮಧ್ಯಾಹ್ನ ಅದರಲ್ಲೇ ಕಳೆದವು.

ಬರೆಯದ ಹೊತ್ತಿನಲ್ಲಿ ಓದು. ದೊಡ್ಡ ಸಾಹಿತ್ಯವನ್ನೇ ಓದಬೇಕೆಂದು ಹೊರಟವಳು ಬೀದಿಯ ಗ್ರಂಥಾಲಯದಲ್ಲಿ ಪತ್ತೇದಾರಿ ಕಾದಂಬರಿಗಳ ಕಪಾಟಿನ ಮುಂದೆ ಜಾರಿಬಿದ್ದೆ. ಮೊದಲ ಪುಟದಲ್ಲೇ ಹೆಣ ಬೀಳುವಂಥವು, ಕೊನೆಯಲ್ಲಿ ಎಲ್ಲರಿಗಿಂತ ಒಳ್ಳೆಯವನೇ ಕೊಲೆಗಾರನಾಗುವಂಥವು. ಅವನ್ನು ಓದಿ ಓದಿ ಹಾಲು ಹಾಕುವವನು ನಗುತ್ತಿದ್ದರೂ 'ಏಕೆ ನಗುತ್ತಾನೆ?' ಎಂದು ಡೈರಿಯಲ್ಲಿ ಬರೆದಿಡುವ ಹಂತಕ್ಕೆ ಬಂದಿದ್ದೆ.

ಕಟ್ಟಡದವರಲ್ಲಿ ಇಬ್ಬರ ಮುಖ ನನಗೆ ಗುರುತಿತ್ತು. ಎರಡನೇ ಮಹಡಿಯಲ್ಲಿ, ಸರಿಯಾಗಿ ನಮ್ಮ ಕೆಳಗೆ, ನಿವೃತ್ತ ನರ್ಸಮ್ಮ. ಮೊದಲನೆಯ ಮಹಡಿಯಲ್ಲಿ, ಸುಡುವ ಬೇಸಿಗೆಯಲ್ಲೂ ಬಾಗಿಲಲ್ಲಿ ಕೂತು ಸ್ವೆಟರ್ ಹೆಣೆಯುವ ಒಬ್ಬರು. ಅವರನ್ನು ಉಲ್ಲನ್ ಆಂಟಿ ಎನ್ನುತ್ತಿದ್ದರು. ಮೆಟ್ಟಿಲಲ್ಲಿ ಎದುರಾದಾಗ ಇಬ್ಬರಲ್ಲಿ ಯಾರಾದರೂ "ಏನಮ್ಮ, ಊಟ ಆಯ್ತಾ?" ಎಂದರೆ ನಾನು ತಲೆ ತಗ್ಗಿಸಿ, ಒಂದು ಸಲ ಆಡಿಸಿ, ಗೋಡೆಗೆ ಅಂಟಿಕೊಂಡು ದಾಟುತ್ತಿದ್ದೆ. ಆ ಇಬ್ಬರ ಮುಂದೆಯೂ ಒಂದು ಅಕ್ಷರವನ್ನು ನಾನು ಆಡಿರಲಿಲ್ಲ.

ಮೊದಲು ಬದಲಾದದ್ದು ನರ್ಸಮ್ಮ. ಒಂದು ಸಂಜೆ ಸೂಪ್ ಹಿಡಿದುಕೊಂಡು ಬಂದರು. ಅತ್ತೆಯ ಕೈ ಹಿಡಿದು ಉಗುರು ನೋಡಿದರು, ಕೆಳರೆಪ್ಪೆ ಎಳೆದು ನೋಡಿದರು. ಮಾವ ಲೋಟ ತಂದಾಗ ಅವರ ಕೈಯನ್ನೇ ದಿಟ್ಟಿಸಿದರು. ಮಾವ ಬಾಟಲಿ ಒರೆಸುತ್ತ, "ಏನ್ ಸಿಸ್ಟರ್, ರಿಟೈರ್ ಆದ್ರೂ ರೌಂಡ್ಸ್ ಬಿಟ್ಟಿಲ್ಲ?" ಎಂದರು. ನರ್ಸಮ್ಮ ನಗಲಿಲ್ಲ. ಹೋಗುವಾಗ ಅತ್ತೆಯನ್ನು ಬಾಗಿಲಾಚೆ ಕರೆದುಕೊಂಡು ಹೋಗಿ ತುಂಬ ಹೊತ್ತು ಪಿಸುಗುಟ್ಟಿದರು. ಅತ್ತೆ ಒಳಗೆ ಬಂದಾಗ ಅವರ ಮುಖ ಮಡಿಸಿಟ್ಟ ಬಟ್ಟೆಯ ಹಾಗಿತ್ತು.

ಮರುದಿನ ಅತ್ತೆ ಕೆಲಸಕ್ಕೆ ಹೊರಡುವ ಮುಂಚೆ ನನ್ನ ಕೋಣೆಯ ಬಾಗಿಲಲ್ಲಿ ನಿಂತರು.

"ಮರಿ, ಮಧ್ಯಾಹ್ನ ಹೊತ್ತು ಮನೇಲಿ ಯಾರದಾದ್ರೂ ಮಾತು ಕೇಳಿಸುತ್ತಾ?"

ಸಿಕ್ಕಿಬಿದ್ದೆ ಎಂದುಕೊಂಡೆ. ಒಬ್ಬಳೇ ಕೂತು ಎರಡು ದನಿಯಲ್ಲಿ ಮಾತಾಡುವ ಹುಚ್ಚಿ ಎಂದು ಮಾವ ಹೇಳಿಬಿಟ್ಟಿದ್ದಾರೆ! ಕಿವಿ ಬಿಸಿಯಾಯಿತು. ಪುಸ್ತಕದತ್ತ ನೋಡುತ್ತ "ಇಲ್ಲ ಅತ್ತೆ" ಎಂದೆ.

"ಯಾರೂ ಬರಲ್ವಾ?"

"ಇಲ್ಲ... ಯಾರೂ ಇಲ್ಲ."

ಅತ್ತೆ ನನ್ನ ಕಿವಿಗಳನ್ನೇ ನೋಡಿದರು. "ಸರಿ ಬಿಡು" ಎಂದು ಹೊರಟುಹೋದರು. ಬದುಕಿದೆ ಎಂದು ನಾನು ಉಸಿರು ಬಿಟ್ಟೆ.

ಅಲ್ಲಿಂದ ಮುಂದೆ ಮನೆಯ ಗಾಳಿಯೇ ಬೇರೆಯಾಯಿತು. ಸಂಜೆ ಮಾವ ಲೋಟ ಹಿಡಿದರೆ ಅತ್ತೆ, "ಅಲ್ಲಿಡಿ, ಆಮೇಲೆ ಕುಡೀತೀನಿ" ಎನ್ನತೊಡಗಿದರು. ನಗೆಮಾತು ನಿಂತಿತು. ಮೆಟ್ಟಿಲಲ್ಲಿ ನಾಲ್ಕು ಹೆಂಗಸರು ಸೇರಿ ಮಾತಾಡುತ್ತಿದ್ದರೆ ಮಾವ ಬಂದ ಕೂಡಲೇ ನಲ್ಲಿ ಮುಚ್ಚಿದ ಹಾಗೆ ಮಾತು ನಿಲ್ಲುತ್ತಿತ್ತು. ಕೆಮ್ಮಿಗೂ ತಲೆನೋವಿಗೂ ಮಾವನ ಹತ್ತಿರವೇ ಓಡಿಬರುತ್ತಿದ್ದ ಕಟ್ಟಡದವರು ಈಗ ಬಿಸಿಲಲ್ಲಿ ಎರಡು ಬೀದಿ ದಾಟಿ ಬೇರೆ ಅಂಗಡಿಗೆ ಹೋಗುತ್ತಿದ್ದರು.

"ಈ ಬೇಸಿಗೇಲಿ ಎಲ್ರಿಗೂ ಆರೋಗ್ಯ ಬಂದುಬಿಟ್ಟಿದೆ," ಎಂದರು ಮಾವ ಊಟ ಮಾಡುತ್ತ. "ಉಲ್ಲನ್ ಆಂಟಿ ಕೂಡ ಸೊಂಟನೋವಿನ ಮುಲಾಮು ಬಿಟ್ಟಿದ್ದಾರೆ. ಪವಾಡ!"

ಒಂದು ಮಧ್ಯಾಹ್ನ ಗ್ರಂಥಾಲಯದಿಂದ ಬರುವಾಗ ನರ್ಸಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದರು. ನನ್ನ ಮುಖಕ್ಕೆ ಮುಖ ತಂದು, ಒಂದೊಂದೇ ಪದವನ್ನು ಜಗ್ಗಿ ಜಗ್ಗಿ, ಕೈಸನ್ನೆ ಮಾಡುತ್ತ ಹೇಳಿದರು. "ಅತ್ತೇನ... ನೋಡ್ಕೋ. ಮಾವ... ಹನಿ... ಹುಷಾರು. ತಿಳೀತಾ?" ಲೋಟ ಎತ್ತುವ ಹಾಗೆ, ಆಮೇಲೆ ಕುತ್ತಿಗೆ ವಾಲಿಸುವ ಹಾಗೆ ಅಭಿನಯಿಸಿದರು. ನಾನು ತಲೆಯಾಡಿಸಿದೆ. ಇವರು ಯಾಕೆ ಕಿವುಡರ ಹತ್ತಿರ ಮಾತಾಡುವ ಹಾಗೆ ಮಾತಾಡುತ್ತಾರೆ ಎಂದು ಕೇಳಿಕೊಳ್ಳುವಷ್ಟು ವ್ಯವಧಾನ ನನಗಿರಲಿಲ್ಲ. ನನ್ನ ಕಥೆಯಲ್ಲಿ ಆಗುತ್ತಿರುವುದೇ ಈ ಮನೆಯಲ್ಲೂ ಆಗುತ್ತಿದೆ! ನನ್ನ ಒಳಮನಸ್ಸಿಗೆ ಮೊದಲೇ ಗೊತ್ತಾಗಿಯೇ ಇಂಥ ಕಥೆ ಬಂತೇನೋ ಎಂದು, ಹೇಳಲು ನಾಚಿಕೆ, ಒಂದು ಗಳಿಗೆ ಹೆಮ್ಮೆಯೂ ಆಯಿತು.

ಅಂದಿನಿಂದ ಮಾವನ ಮೇಲೆ ಕಣ್ಣಿಟ್ಟೆ. ಹುಡುಕುವವರಿಗೆ ಏನು ತಾನೇ ಸಿಗುವುದಿಲ್ಲ? ಅವರು ಬಾಲ್ಕನಿಯಲ್ಲಿ ನಿಂತು ತಗ್ಗಿದ ದನಿಯಲ್ಲಿ ಫೋನು ಮಾಡುತ್ತಿದ್ದರು, ನಾನು ಹೋದರೆ "ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತಿದ್ದರು. "ಅತ್ತೆ ಮಧ್ಯಾಹ್ನ ಸರಿಯಾಗಿ ತಿಂತಾಳಂತಾ? ನಿನ್ನ ಹತ್ರ ಏನಾದ್ರೂ ಹೇಳಿದ್ಲಾ?" ಎಂದು ಕೇಳುತ್ತಿದ್ದರು. ಅತ್ತೆಗೆ ಎಷ್ಟು ಗೊತ್ತಾಗಿದೆ ಎಂದು ತಿಳಿಯಲು ಎಂದುಕೊಂಡೆ. ಅಂಗಡಿಯ ಎದುರಿನ ಬಸ್ ನಿಲ್ದಾಣದಲ್ಲಿ ಪುಸ್ತಕ ಅಡ್ಡ ಹಿಡಿದು ಕೂತು ನೋಡಿದೆ. ಗಿರಾಕಿಗಳೇ ಇಲ್ಲದ ಅಂಗಡಿಯಲ್ಲಿ ಮಾವ ಕಪಾಟಿನ ಬಾಟಲಿಗಳ ಧೂಳು ಒರೆಸುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. ಬಸ್ಸುಗಳು ಬಂದವು, ಹೋದವು. ನಾನು ಹತ್ತಲಿಲ್ಲ ಎಂದು ಒಬ್ಬ ಕಂಡಕ್ಟರ್ ನನ್ನನ್ನೇ ಅನುಮಾನದಿಂದ ನೋಡಿದ.

ಎಲ್ಲಕ್ಕಿಂತ ಹೆದರಿಸಿದ್ದು ಹನಿಗಳು. ಮಾವ ತುಟಿಯೊಳಗೆ ಎಣಿಸುವುದು ನನಗೆ ಬಾಯಿಪಾಠವಾಗಿತ್ತು. ಒಂದು ಸಂಜೆ ಎಣಿಕೆ ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಮುಂದೆ ಹೋಯಿತು. ಮತ್ತೊಂದು ವಾರಕ್ಕೆ ಇನ್ನೂ ಮುಂದೆ.

ಅತ್ತೆಯ ಪಾದ ಊದಿಕೊಂಡಿತ್ತು. ಮೆಟ್ಟಿಲು ಹತ್ತಿ ಬಂದರೆ ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಆ ದಿನ ಅವರು ಲೋಟ ಹಿಡಿದು ಅಡುಗೆಮನೆಗೆ ಹೋದಾಗ ನಾನೂ ನೀರಿನ ನೆಪದಲ್ಲಿ ಹಿಂದೆ ಹೋದೆ. ಅತ್ತೆ ಔಷಧಿಯನ್ನು ಸಿಂಕಿಗೆ ಚೆಲ್ಲಿ ನಲ್ಲಿ ತಿರುಗಿಸಿದರು. ನನ್ನನ್ನು ನೋಡಿದರು. ಅವರ ಕಣ್ಣಿನಲ್ಲಿ 'ನಿನಗೂ ಗೊತ್ತು' ಎನ್ನುವುದಿತ್ತು. ನನ್ನ ಕಣ್ಣಿನಲ್ಲಿ ಅವರಿಗೂ ಅದೇ ಕಂಡಿರಬೇಕು.

ಯಾರಿಗಾದರೂ ಹೇಳಬಹುದಿತ್ತು. ಅಪ್ಪನಿಗೆ ಒಂದು ಫೋನು ಸಾಕಿತ್ತು. ಆದರೆ ಫೋನು ಹಿಡಿದರೆ ಗಂಟಲು ಕಟ್ಟುವ ಜಾತಿ ನನ್ನದು. ನಾನು ಮಾಡಿದ್ದು ಒಂದೇ, ಬರೆದದ್ದು. ಹಿಂದೆಂದೂ ಬರೆಯದಷ್ಟು ವೇಗವಾಗಿ ಬರೆದೆ. ಮಾವನ ಬಿಳಿ ಬಟ್ಟೆಯನ್ನು ಗಂಡಸಿನ ಕೈಗೆ ಕೊಟ್ಟೆ. ಅತ್ತೆಯ ಊದಿದ ಪಾದವನ್ನು ಹೆಂಡತಿಗೆ ಕೊಟ್ಟೆ. "ಕಾಲು ಊದೋಕೆ ಶುರುವಾಗಿದೆ, ಇನ್ನು ಹೆಚ್ಚು ದಿನ ಇಲ್ಲ" ಎನ್ನುವ ಮಾತನ್ನು ಗಲ್ಲ ಎದೆಗೊತ್ತಿ, ಸರಿಯಾದ ತೂಕ ಬರುವವರೆಗೆ, ಕಿಟಕಿಗೆ ಮುಖ ಮಾಡಿ ಮತ್ತೆ ಮತ್ತೆ ಆಡಿದೆ.

ಅದಾದ ಮಾರನೆಯ ಮಧ್ಯಾಹ್ನ ಡಕ್ಟಿನಿಂದ ಉಲ್ಲನ್ ಆಂಟಿಯ ಕೂಗು ಕೇಳಿತು. "ಸಿಸ್ಟರ್, ಬೇಗ ಬನ್ನಿ! ನೀರು ತನ್ನಿ!"

ಕಾರ್ಖಾನೆಯಲ್ಲಿ ನಿಲ್ಲಲಾಗದೆ ಅತ್ತೆ ಬೇಗ ಹೊರಟು ಬಂದಿದ್ದರು. ಎರಡನೇ ಮಹಡಿಯ ಮೆಟ್ಟಿಲಲ್ಲಿ ಕುಸಿದಿದ್ದರು. ನಾನು ಇಳಿದು ಹೋಗುವ ಹೊತ್ತಿಗೆ ಅವರನ್ನು ನರ್ಸಮ್ಮನ ನಡುಮನೆಯಲ್ಲಿ ದಿಂಬಿಗೊರಗಿಸಿ ಕೂರಿಸಿದ್ದರು. ತುಟಿ ನೀಲಿಯಾಗಿತ್ತು. ನನ್ನ ಹಿಂದೆಯೇ ಮಾವ ನಿದ್ದೆಗಣ್ಣಿನಲ್ಲಿ, ಅಂಗಿಯ ಗುಂಡಿ ಮೇಲೆ ಕೆಳಗಾಗಿ, ಕೈಯಲ್ಲಿ ಔಷಧಿ ಬಾಟಲಿ ಹಿಡಿದು ಓಡಿ ಬಂದರು.

ನರ್ಸಮ್ಮ ಬಾಗಿಲಿಗೆ ತೋಳು ಅಡ್ಡ ಇಟ್ಟರು. "ನೀವು ಅಲ್ಲೇ ನಿಲ್ಲಿ."

"ಸಿಸ್ಟರ್, ಏನ್ ಮಾತು? ನನ್ನ ಹೆಂಡ್ತಿ ಅವಳು."

"ಆ ಬಾಟ್ಲಿ ಒಳಗೆ ಬರಲ್ಲ. ಆಂಬುಲೆನ್ಸಿಗೆ ಹೇಳಿದ್ದೀನಿ. ಡಾಕ್ಟ್ರು ನೋಡಲಿ, ರಕ್ತ ಪರೀಕ್ಷೆ ಆಗಲಿ, ಆಮೇಲೆ ಪೊಲೀಸರು ನಿಮ್ಮ ಹತ್ರ ಮಾತಾಡ್ತಾರೆ."

"ಪೊಲೀಸಾ?"

"ನಾಟಕ ಬೇಡ. ನನ್ನ ಅಡುಗೆಮನೆ ಕಿಟಕಿ ನಿಮ್ಮನೆ ಕೆಳಗೇ ಇರೋದು. ತಿಂಗಳಿಂದ ಕೇಳ್ತಿದ್ದೀನಿ ನಿಮ್ಮ ಮಧ್ಯಾಹ್ನದ ಮಾತು, ಆ ಹೆಂಗಸಿನ ಜೊತೆ. 'ಒಂದೇ ಸಲ ಹೆಚ್ಚು ಹಾಕಿದ್ರೆ ನಾಲಿಗೆಗೆ ಗೊತ್ತಾಗುತ್ತೆ.' ಹೌದೋ ಅಲ್ವೋ?"

ಅದು ನನ್ನ ಕಥೆಯ ಗಂಡಸಿನ ಮಾತು.

"'ಆಮೇಲೆ ಅವಳೇ ಕೇಳಿ ಕುಡೀತಾಳೆ,'" ಎಂದರು ಉಲ್ಲನ್ ಆಂಟಿ ಒಳಗಿನಿಂದ. "ಅದನ್ನೇ ಎರಡು ದಿನ ಹೇಳಿದ್ದೂ ಹೇಳಿದ್ದೇ! ಬೇಡಿ ಕುಡೀತಾಳೆ, ಕೈಚಾಚಿ ಕುಡೀತಾಳೆ... ಅಬ್ಬಬ್ಬಾ, ಅಷ್ಟು ಸಲ ಹೇಳಿ ಸವೀತಾನಲ್ಲ ಇವನು ಅಂತ ನನ್ನ ಕೈಯಿಂದ ಹೆಣಿಗೆ ಕಡ್ಡೀನೇ ಬಿದ್ದುಹೋಯ್ತು."

ನಾನು ಹೊಡೆದುಹಾಕಿದ ಮಾತುಗಳವು. ಯಾವ ಕಾಗದದಲ್ಲೂ ಉಳಿಯದವು. ನನ್ನ ಕಥೆಯೇ ಕಿಟಕಿಯಿಂದ ಇಳಿದು, ಈ ಮನೆಗಳನ್ನೆಲ್ಲ ಸುತ್ತಿ, ಸುದ್ದಿಯಾಗಿ ಮೆಟ್ಟಿಲು ಹತ್ತಿ ನನ್ನ ಬಳಿಗೇ ಬಂದಿತ್ತು. ಅದನ್ನು ನಾನು ನಂಬಿದ್ದೆ.

ಮಾವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಅವರು ನರ್ಸಮ್ಮನನ್ನು ನೋಡುತ್ತಿರಲಿಲ್ಲ. ಅಡ್ಡವಿದ್ದ ತೋಳಿನಡಿಯಿಂದ ಅತ್ತೆಯನ್ನು ನೋಡುತ್ತಿದ್ದರು. "ಏನೇ ಇದು? ನೀನೂ ಹಾಗಂದ್ಕೊಂಡ್ಯಾ?" ಅತ್ತೆ ಮುಖ ಗೋಡೆಯ ಕಡೆ ಹೊರಳಿಸಿದರು.

ಮಾತಾಡು ಎಂದು ನನಗೆ ನಾನೇ ಹೇಳಿಕೊಂಡೆ. ಬಾಯಿ ತೆರೆದೆ. ಬರೀ ಗಾಳಿ ಬಂತು. ಅಷ್ಟು ಜನರ ಕಣ್ಣು. ನನ್ನ ದನಿ ಎಲ್ಲಿದೆ ಎಂದು ಹುಡುಕಿದರೂ ಸಿಗಲಿಲ್ಲ. ಆದರೆ ಇನ್ನೊಂದಿತ್ತಲ್ಲ. ಕಣ್ಣು ಮುಚ್ಚಿ, ಗಲ್ಲವನ್ನು ಎದೆಗೆ ಒತ್ತಿದೆ.

"ಅವಸರ ಬೇಡ," ಎಂದಿತು ಗಂಟಲಿನ ತಳ. "ಒಂದೊಂದೇ ಹನಿ ಏರಿಸಿದ್ರೆ ನಾಲಿಗೆ ಒಗ್ಗಿಹೋಗುತ್ತೆ."

ಉಲ್ಲನ್ ಆಂಟಿ ಕಿಟಾರನೆ ಕಿರುಚಿದರು.

"ಆಮೇಲೆ?" ಎಂದೆ ನನ್ನ ದನಿಯಲ್ಲಿ.

"ಅಯ್ಯಯ್ಯೋ, ಮೂಗಿ ಮಾತಾಡ್ತಾಳೆ!"

"ನಾನು ಮೂಗಿ ಅಲ್ಲ ಆಂಟಿ," ಎಂದೆ. ಒಂದು ಸಲ ಬಿಟ್ಟುಕೊಂಡಿತಲ್ಲ, ದನಿ ನಿಲ್ಲಲಿಲ್ಲ. "ಅದು ಕಥೆ. ನಾನು ಬರೀತಿರೋ ಕಥೆ. ಆಡಿ ನೋಡಿ ಬರೆಯೋದು ನನ್ನ ಅಭ್ಯಾಸ. ಗಂಡಸೂ ನಾನೇ, ಹೆಂಗಸೂ ನಾನೇ. ಮನೆಗೆ ಯಾರೂ ಬರಲ್ಲ ಅತ್ತೆ, ಮಾವ ಪತ್ರಿಕೆ ಮುಚ್ಕೊಂಡು ನಿದ್ದೆ ಮಾಡ್ತಿರ್ತಾರೆ. ಅವತ್ತು ನೀವು ಕೇಳಿದಾಗ ನನ್ನ ಹುಚ್ಚು ಗೊತ್ತಾಗುತ್ತೆ ಅಂತ ಹೆದರಿ ಸುಳ್ಳು ಹೇಳಿದೆ."

ನರ್ಸಮ್ಮನ ತೋಳು ನಿಧಾನವಾಗಿ ಕೆಳಗಿಳಿಯಿತು. ಅವರೇ ಮೊದಲು ಎಚ್ಚೆತ್ತವರು. ಅತ್ತೆಯ ಕಡೆ ತಿರುಗಿ, "ಔಷಧಿ ಎಷ್ಟು ದಿನದಿಂದ ಬಿಟ್ಟಿದ್ದೀರಿ?" ಎಂದರು. ದನಿ ಬದಲಾಗಿತ್ತು.

"ನೀವು ಹೇಳಿದಾಗಿಂದ," ಎಂದರು ಅತ್ತೆ. "ದಿನಾ ಸಿಂಕಿಗೆ."

ಮಾವ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. "ಸಿಂಕಿಗಾ? ಔಷಧಿ ಹಿಡೀತಿಲ್ಲ, ಕಾಲು ಊದ್ತಿದೆ ಅಂತ ನಾನು ಡಾಕ್ಟ್ರಿಗೆ ದಿನಾ ಫೋನ್ ಮಾಡ್ತಿದ್ದೆ. ನೀನು ಹೆದರ್ತೀಯ ಅಂತ ಬಾಲ್ಕನೀಲಿ ನಿಂತು. ಎರಡು ಹನಿ ಹೆಚ್ಚು ಮಾಡಿ ಅಂದ್ರು, ಮಾಡ್ದೆ. ಮತ್ತೆ ಹೆಚ್ಚು ಮಾಡಿ ಅಂದ್ರು..."

ಅವರು ಬಾಟಲಿಯನ್ನು ನೆಲಕ್ಕಿಟ್ಟರು. ಆಂಬುಲೆನ್ಸಿನ ಸದ್ದು ಕೇಳಿಸಿತು.

ಅತ್ತೆಗೆ ಆಸ್ಪತ್ರೆಯಲ್ಲಿ ಒಂದು ವಾರವಾಯಿತು. ಎದೆ ಹತೋಟಿಗೆ ಬಂತು, ಕಾಲಿನ ಊತ ಇಳಿಯಿತು. ಇನ್ನು ಕೆಲವು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಮಾವ ಹಾಸಿಗೆಯ ಪಕ್ಕ ಕೂತು ಸೇಬು ಹೆಚ್ಚುತ್ತಿದ್ದ ಒಂದು ಬೆಳಗ್ಗೆ ಅತ್ತೆ ನನ್ನನ್ನು ಹತ್ತಿರ ಕರೆದರು.

"ನರ್ಸಮ್ಮ ಏನೇ ಹೇಳಿದ್ರೂ ನಾನು ನಂಬ್ತಿರಲಿಲ್ಲ ಕಣೇ. ನಿನ್ನ ಕಿವಿ ಕೆಂಪಗಾಯ್ತು ನೋಡು, ಅದನ್ನ ನಂಬ್ದೆ. ಈ ಹುಡುಗಿ ಸುಳ್ಳು ಹೇಳೋಳಲ್ಲ, ಹೇಳ್ತಿದ್ದಾಳೆ ಅಂದ್ರೆ ಏನೋ ಕಂಡಿದ್ದಾಳೆ ಅಂತ. ವಿಷಕ್ಕೆ ನಾನು ಹೆದರಲಿಲ್ಲ. ಇನ್ನೊಬ್ಬಳು ಬಂದಿದ್ದಾಳೆ ಅನ್ನೋದು... ಕೇಳೋಕೂ ನಾಚಿಕೆಯಾಯ್ತು."

"ನಾನೂ ಮಾವನ ಮೇಲೆ ಅನುಮಾನಪಟ್ಟೆ ಅತ್ತೆ."

ಸೇಬಿನ ಮೇಲೆ ಚಾಕು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಓಡಿತು. "ನಿಮ್ಮಿಬ್ಬರಿಗೂ ಒಂದೊಂದು ಹೋಳು," ಎಂದರು ಮಾವ. "ಮೊದಲು ನಾನು ತಿಂದು ತೋರಿಸ್ಲಾ?" ನಾವು ನಗಲೆಂದೇ ಹೇಳಿದ್ದು. ಅತ್ತೆ ನಗಲು ಹೋಗಿ ಅತ್ತರು.

ಮನೆಗೆ ಬಂದ ದಿನ ಕಟ್ಟಡದವರೆಲ್ಲ ಮೆಟ್ಟಿಲಲ್ಲಿ ನಿಂತಿದ್ದರು. ನರ್ಸಮ್ಮ ಮಾವನ ಮುಂದೆ ಕೈ ಮುಗಿದು ಏನೋ ಹೇಳಲು ಹೋದರು. ಮಾವ, "ನಿಮ್ಮ ಕಿವಿ ಚುರುಕು ಸಿಸ್ಟರ್, ನನ್ನ ಹೆಂಡ್ತಿಗೆ ಕೆಡುಕಾಗಬಾರದು ಅಂತ ತಾನೇ" ಎಂದು ಮುಂದೆ ನಡೆದರು. ಉಲ್ಲನ್ ಆಂಟಿ ನನ್ನನ್ನು ಹಿಡಿದುಕೊಂಡರು. "ಅದಿರಲಿ, ಕೊನೆಗೆ ಅವಳು ಸಾಯ್ತಾಳಾ ಇಲ್ವಾ?"

"ಗೊತ್ತಿಲ್ಲ ಆಂಟಿ," ಎಂದೆ. ಎಲ್ಲರ ಎದುರಿಗೆ, ಜೋರಾಗಿ, ಗೋಡೆಗೆ ಅಂಟಿಕೊಳ್ಳದೆ. ಕಣ್ಣಾಸ್ಪತ್ರೆಯ ಮೇಜಿಗೆ ಇಷ್ಟು ಸಾಕಾಗಬಹುದು ಎನಿಸಿತು. ಕಥೆಗೆ ಮಾತ್ರ ಸಾಲಲಿಲ್ಲ. ಬಾಯಿ ಮುಚ್ಚಿಕೊಂಡು ಬರೆಯಲು ನೋಡಿದೆ, ಗಂಡಸು ಮತ್ತೆ ಭಾಷಣ ಓದತೊಡಗಿದ. ಅವನನ್ನು ಹಾಗೇ ಬಿಟ್ಟು, ಓದದೇ ಉಳಿದಿದ್ದ ದಪ್ಪ ಪುಸ್ತಕಗಳನ್ನು ತೆಗೆದೆ. ಅವುಗಳಲ್ಲಿ ಹೆಣ ಬೀಳಲು ತುಂಬ ಪುಟ ಬೇಕಿತ್ತು. ಅದೇ ವಾಸಿ ಎನಿಸಿತು.

ಆ ಸಂಜೆ ಅತ್ತೆ ಕಾಲು ಚಾಚಿ ಕೂತರು. ಮಾವ ಬಾಟಲಿ, ಲೋಟ, ಬಿಳಿ ಬಟ್ಟೆ ತಂದು ಟೀಪಾಯಿಯ ಮೇಲಿಟ್ಟರು. ಹನಿ ಬಿಡಲಿಲ್ಲ. ಮಂಡಿಯ ಮೇಲೆ ಕೈ ಇಟ್ಟುಕೊಂಡು ಕೂತರು.

"ನೀನೇ ಹಾಕ್ಕೋ," ಎಂದರು.

"ನನ್ನ ಕೈ ನಡುಗುತ್ತೆ ರೀ."

ನಾನು ಏಳಲು ಹೋದೆ. ಅತ್ತೆ ನನ್ನತ್ತ ತಿರುಗದೆಯೇ ಹೇಳಿದರು. "ನೀನಲ್ಲ. ಕೂತ್ಕೋ."

ಮಾವ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. ಈ ಸಲ ತುಟಿಯೊಳಗೆ ಎಣಿಸಲಿಲ್ಲ, ಬಾಯಿ ಬಿಟ್ಟು ಎಣಿಸಿದರು. ಅತ್ತೆ ಕಣ್ಣು ಮುಚ್ಚಲಿಲ್ಲ. ಅವರು ಲೋಟವನ್ನೂ ನೋಡಲಿಲ್ಲ, ಮಾವನ ಮುಖವನ್ನೇ ನೋಡುತ್ತಿದ್ದರು. ಆ ನೋಟ ಎಂಥದೆಂದು ನನಗೆ ಇವತ್ತಿಗೂ ಬರೆಯಲು ಬರುವುದಿಲ್ಲ. ಆಗ ನನ್ನ ಗಮನಕ್ಕೆ ಬಂತು, ಡಕ್ಟಿನಲ್ಲಿ ಸದ್ದೇ ಇರಲಿಲ್ಲ. ಪಾತ್ರೆಯಿಲ್ಲ, ನಲ್ಲಿಯಿಲ್ಲ. ಇಡೀ ಕಟ್ಟಡ ಕಿವಿ ನಿಮಿರಿಸಿ ನಿಂತಿತ್ತು.

ಅತ್ತೆ ಲೋಟ ಖಾಲಿ ಮಾಡಿ, ಮುಖ ಹಿಂಡಿ, ಅಡುಗೆಮನೆಯ ಕಿಟಕಿಯ ಕಡೆಗೆ ಕೂಗಿದರು. "ಕುಡಿದಾಯ್ತು! ಎಲ್ಲ ಅವರವರ ಒಲೆ ನೋಡ್ಕೊಳ್ಳಿ!"

ಕೆಳಗೆ ಒಂದು ಪಾತ್ರೆ ಠಣ್ಣೆಂದಿತು. ಆಮೇಲೆ ನಲ್ಲಿಗಳು, ಸೌಟುಗಳು, ಯಾರದೋ ತಡೆದ ನಗು. ಮಾವನೂ ನಕ್ಕರು. ಬಾಟಲಿಗೆ ಮುಚ್ಚಳ ಹಾಕಿ ಟೀಪಾಯಿಯ ಮೇಲಿಟ್ಟು, ಅದರ ಹೆಸರಿನ ಚೀಟಿ ಅತ್ತೆಗೆ ಕಾಣುವ ಹಾಗೆ ಸ್ವಲ್ಪ ತಿರುಗಿಸಿದರು. ಮೊದಲೆಲ್ಲ ಹಾಗೆ ತಿರುಗಿಸುತ್ತಿರಲಿಲ್ಲ.

ಆ ಬೇಸಿಗೆ ಮುಗಿದು ನಾನು ಹೊರಡುವವರೆಗೂ ದಿನಾ ಸಂಜೆ ನೋಡಿದೆ. ಚೀಟಿ ಅತ್ತೆಯ ಕಡೆಗೇ ಇತ್ತು.